ಕಡಿಮೆ ದುಡ್ಡಿನ ಫ್ಯಾಂಟಸಿ ಸಿನಿಮಾ: ರಾಕ್ಷಸ ಸುಳ್ಳು ಅಂತ ಕಣ್ಣಿಗೆ ಗೊತ್ತಾಗುವುದು ಎಲ್ಲಿ?

ಮೂರನೇಸಾಲು

ನಿನ್ನೆ ರಾತ್ರಿ ಎರಡು ಸಿನಿಮಾ ಒಂದರ ಬೆನ್ನಿಗೆ ಒಂದು ನೋಡಿದೆ. ಮೊದಲನೆಯದು 1933ರ ಕಿಂಗ್ ಕಾಂಗ್, ದೈತ್ಯ ಗೊರಿಲ್ಲಾದ ಕಥೆ. ಎರಡನೆಯದು ಇತ್ತೀಚೆಗೆ ಬಂದ, ಕಡಿಮೆ ದುಡ್ಡಿನ ಒಂದು ಡ್ರ್ಯಾಗನ್ ಸಿನಿಮಾ. ಅದರ ಹೆಸರು ಬೇಡ, ಮಾಡಿದವರು ಕಷ್ಟಪಟ್ಟೇ ಮಾಡಿರುತ್ತಾರೆ.

ಕಾಂಗ್‌ನ ಮೈಮೇಲಿನ ಕೂದಲು ಗಮನಿಸಿದ್ದೀರಾ? ಅದು ಸುಮ್ನೆ ಇರುವುದೇ ಇಲ್ಲ. ಎದೆಯ ಹತ್ತಿರ ಎದ್ದು ನಿಲ್ಲುತ್ತದೆ, ಮರುಗಳಿಗೆ ಭುಜದ ಮೇಲೆ ಮಲಗುತ್ತದೆ. ಗಾಳಿಗೆ ಹಾಗಾಗುತ್ತಿರುವುದಲ್ಲ. ಒಂದೂವರೆ ಅಡಿಯ ಗೊಂಬೆಗೆ ಮೊಲದ ತುಪ್ಪಳ ಹೊದಿಸಿದ್ದರು. ಪ್ರತಿ ಫ್ರೇಮಿಗೂ, ಅಂದರೆ ಸಿನಿಮಾದ ಒಂದೊಂದು ಬಿಡಿ ಚಿತ್ರಕ್ಕೂ, ಗೊಂಬೆಯ ಕೈಕಾಲು ಕೂದಲೆಳೆಯಷ್ಟು ಸರಿಸಬೇಕಿತ್ತು. ಆಗ ಬೆರಳು ತಾಗಿ ತುಪ್ಪಳ ಕದಲುತ್ತಿತ್ತು. ಅಂದರೆ ಪರದೆ ಮೇಲೆ ನಮಗೆ ಕಾಣುವುದು ಆ ಗೊಂಬೆ ಆಡಿಸಿದ ವಿಲ್ಲಿಸ್ ಓಬ್ರಿಯನ್ ತಂಡದವರ ಬೆರಳಿನ ಗುರುತು. ಅದು ತಪ್ಪೇ, ಇಲ್ಲ ಅನ್ನುವುದಿಲ್ಲ. ಆದರೂ ಕೊನೆಯಲ್ಲಿ ಆ ಪ್ರಾಣಿ ಕಟ್ಟಡದ ತುದಿಯಲ್ಲಿ ನಿಂತು ತನ್ನ ಎದೆಯ ಗಾಯ ಮುಟ್ಟಿ ನೋಡಿಕೊಂಡಾಗ ನನಗೆ ಗಂಟಲು ಕಟ್ಟಿತು.

ಡ್ರ್ಯಾಗನ್ನಿನ ಕಥೆ ಬೇರೆ. ಮೈಮೇಲಿನ ಚಿಪ್ಪು ಒಂದೊಂದೂ ಎಣಿಸುವ ಹಾಗಿತ್ತು. ಕಣ್ಣಿನಲ್ಲಿ ಹೊಳಪಿತ್ತು. ಅದು ಬಂದು ಹುಲ್ಲುಗಾವಲಿನಲ್ಲಿ ಇಳಿಯಿತು. ಅಷ್ಟಗಲದ ರೆಕ್ಕೆ ಬಡಿದರೂ ಒಂದೆಳೆ ಹುಲ್ಲು ಬಾಗಲಿಲ್ಲ. ನನ್ನ ಪಾಲಿಗೆ ಸಿನಿಮಾ ಅಲ್ಲಿಗೇ ಮುಗಿಯಿತು.

ಇದು ಯಾಕೆ ಹೀಗೆ? ಗೊಂಬೆ ಅಂತ ಗೊತ್ತಿದ್ದೂ ನಂಬುತ್ತೇವೆ, ನಿಜದ ಥರಾ ಕಾಣುವುದನ್ನು ನಂಬುವುದಿಲ್ಲ. ಹಳೆಯದರ ಮೇಲಿನ ಮೋಹ ಅಂತ ತಳ್ಳಿಹಾಕಬೇಡಿ. ಬೇರೆ ಏನೋ ಇದೆ ಅಂತ ನನಗನ್ನಿಸುತ್ತದೆ.

ಕೊನೆಫ್ರೇಮ್

ನಾನು ಕಾಂಪೋಸಿಟಿಂಗ್ ಕೆಲಸ ಮಾಡುತ್ತೇನೆ. ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಯನ್ನೂ ಒಂದೇ ಫ್ರೇಮಿನಲ್ಲಿ ಕೂಡಿಸುವ ಕೆಲಸ. ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಕೊಟ್ಟಿದ್ದೀರಿ: ಹುಲ್ಲು ಬಾಗಲಿಲ್ಲ.

ಡ್ರ್ಯಾಗನ್ನಿಗೆ ಎಷ್ಟು ಚಿಪ್ಪು ಅಂತ ಕಣ್ಣು ಲೆಕ್ಕ ಹಾಕುವುದಿಲ್ಲ. ಅದು ನೆಲಕ್ಕೆ ತಾಗಿದೆಯಾ ಅಂತ ಮಾತ್ರ ನೋಡುತ್ತದೆ. ಪಾದದ ಕೆಳಗೆ, ಪಾದ ಮತ್ತು ಮಣ್ಣು ಸೇರುವ ಜಾಗದಲ್ಲಿ, ತೆಳ್ಳಗೆ ಒಂದು ಕಪ್ಪು ಗೆರೆ ಇರಬೇಕು. ಇದಕ್ಕೆ ಕಾಂಟ್ಯಾಕ್ಟ್ ಶ್ಯಾಡೋ ಅನ್ನುತ್ತೇವೆ. ಮೇಜಿನ ಮೇಲೆ ಒಂದು ಪುಸ್ತಕ ಇಟ್ಟು ಅದರ ಅಂಚು ನೋಡಿ, ಆ ಗೆರೆ ಕಾಣುತ್ತದೆ. ಅದು ಇಲ್ಲದಿದ್ದರೆ ಎಷ್ಟು ಚಂದದ ಪ್ರಾಣಿಯಾದರೂ ತೇಲುತ್ತದೆ.

ಎರಡನೆಯದು ಕಪ್ಪು. ಕ್ಯಾಮೆರಾ ತೆಗೆದ ಚಿತ್ರದಲ್ಲಿ ಅಪ್ಪಟ ಕಪ್ಪು ಕಡಿಮೆ. ದೂರದ ಮರದ ನೆರಳು ನಿಜವಾಗಿ ಬೂದು ನೀಲಿ, ನಡುವೆ ಗಾಳಿ ಇರುತ್ತದಲ್ಲ. ಆ ಮರದ ಪಕ್ಕದಲ್ಲಿ ನಿಂತ ಪ್ರಾಣಿಯ ನೆರಳು ಮಾತ್ರ ಇದ್ದಿಲಿನ ಹಾಗಿದ್ದರೆ ಅದು ಮುಂದಕ್ಕೆ ಬಂದು ಪರದೆಗೆ ಅಂಟಿಕೊಳ್ಳುತ್ತದೆ. ಸ್ಟಿಕ್ಕರ್ ಹಚ್ಚಿದ ಹಾಗಿದೆ ಅಂತ ಜನ ಹೇಳುವುದು ಇದಕ್ಕೇ. ಆಮೇಲೆ ಗ್ರೇನ್ (ಚಿತ್ರದ ಮೇಲಿನ ಸಣ್ಣ ಚುಕ್ಕಿಗಳು), ಅಂಚಿನ ಮಸುಕು, ಚಲನೆಯ ಮಸುಕು, ಇವೂ ಹೊಂದಬೇಕು. ಇವು ಯಾವುವೂ ದುಡ್ಡಿನ ಲೆಕ್ಕದವಲ್ಲ. ಟೈಮ್ ಇದ್ದರೆ ಮನೆಯ ಕಂಪ್ಯೂಟರಿನಲ್ಲೇ ಆಗುವ ಕೆಲಸ.

1988ರ ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್‌ನಲ್ಲಿ ಒಂದು ದೃಶ್ಯ ಇದೆ. ಚಿಕ್ಕ ಕೋಣೆ, ನಿಜವಾದ ನಟ, ಕೈಯಲ್ಲಿ ಬಿಡಿಸಿದ ಮೊಲ. ನಟನ ತಲೆ ತಾಗಿ ಮೇಲೆ ನೇತಾಡುವ ದೀಪ ತೂಗಾಡಲು ಶುರುವಾಗುತ್ತದೆ. ದೀಪ ಅಲ್ಲಾಡಿದರೆ ಮೊಲದ ಮೇಲಿನ ಬೆಳಕೂ ನೆರಳೂ ಫ್ರೇಮಿಂದ ಫ್ರೇಮಿಗೆ ಬದಲಾಗಬೇಕು. ಅಷ್ಟನ್ನೂ ಕೈಯಲ್ಲಿ ಬಿಡಿಸಿದರು. ದೀಪ ಅಲ್ಲಾಡದಿದ್ದರೂ ಕಥೆಗೆ ಏನೂ ಆಗುತ್ತಿರಲಿಲ್ಲ. ಆದರೆ ಅದು ಅಲ್ಲಾಡಿದ್ದಕ್ಕೇ ಆ ಮೊಲ ಆ ಕೋಣೆಯಲ್ಲಿದೆ. ದೀಪಕ್ಕೆ ತಲೆ ತಾಗಿಸುವುದು ಅನ್ನುವ ಮಾತು ನಮ್ಮ ಕೆಲಸದವರಲ್ಲಿ ಇವತ್ತಿಗೂ ಇದೆ.

ಹಳೇರೀಲು

ನೆರಳಿನ ಮಾತು ಒಪ್ಪುತ್ತೇನೆ. ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವ ಧಾಟಿ ಮಾತ್ರ ಒಪ್ಪುವುದಿಲ್ಲ. ಕಿಂಗ್ ಕಾಂಗ್ ಉಳಿದಿರುವುದು ಅದು ಚೆನ್ನಾಗಿದೆ ಅಂತ. ಕೆಟ್ಟವು ರಾಶಿ ಬಿದ್ದಿವೆ, ನಾವು ಅವನ್ನು ನೋಡುವುದಿಲ್ಲ ಅಷ್ಟೇ.

1953ರ ರೋಬೋಟ್ ಮಾನ್‌ಸ್ಟರ್‌ನಲ್ಲಿ ಭೂಮಿಯನ್ನು ನಾಶ ಮಾಡಲು ಬಂದ ಅನ್ಯಗ್ರಹದವನಿಗೆ ಗೊರಿಲ್ಲಾ ವೇಷ, ತಲೆಗೆ ಡೈವಿಂಗ್ ಹೆಲ್ಮೆಟ್ಟು. ಗೊರಿಲ್ಲಾ ವೇಷ ಇದ್ದ ನಟ ಸಿಕ್ಕಿದ, ರೋಬೋಟ್ ವೇಷಕ್ಕೆ ಕಾಸಿರಲಿಲ್ಲ. ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್‌ನಲ್ಲಿ ಹಾರುವ ತಟ್ಟೆಗಳು ದಾರಕ್ಕೆ ಕಟ್ಟಿದ ಪ್ಲಾಸ್ಟಿಕ್ ಆಟಿಕೆ. ಸ್ಮಶಾನದ ಕಲ್ಲುಗಳು ಅಲ್ಲಾಡುತ್ತವೆ.

ನನಗೆ ಜಾಸ್ತಿ ಬೇಜಾರು ಆಗುವುದು 1957ರ ದ ಜೈಂಟ್ ಕ್ಲಾ ನೆನೆದರೆ. ಒಂದು ದೈತ್ಯ ಹಕ್ಕಿಯ ಕಥೆ. ಚಿತ್ರೀಕರಣ ನಡೆಯುವಾಗ ನಟರಿಗೆ ಆ ಹಕ್ಕಿ ಹೇಗಿರುತ್ತದೆ ಅಂತ ಯಾರೂ ತೋರಿಸಿರಲಿಲ್ಲ. ಅವರು ಖಾಲಿ ಆಕಾಶ ನೋಡಿ ನಿಜವಾಗಿ ಹೆದರಿದರು, ಮನಸ್ಸಿಟ್ಟು ನಟಿಸಿದರು. ಆಮೇಲೆ ಅಗ್ಗದಲ್ಲಿ ಮಾಡಿಸಿದ ಗೊಂಬೆ ಬಂತು: ಉದ್ದ ಕತ್ತು, ಗುಡ್ಡೆ ಕಣ್ಣು, ತಲೆಯ ಮೇಲೆ ಕೆದರಿದ ಜುಟ್ಟು. ನಾಯಕ ನಟ ಜೆಫ್ ಮಾರೋ ಅದನ್ನು ಮೊದಲು ನೋಡಿದ್ದೇ ಚಿತ್ರಮಂದಿರದಲ್ಲಿ, ಜನ ನಗುವಾಗ. ಅವರು ಮಧ್ಯದಲ್ಲೇ ಎದ್ದು ಬಂದರು. ಆ ಗೊಂಬೆಗೆ ನೆರಳಿತ್ತು, ತೂಕವಿತ್ತು, ಬೆಳಕು ಅದರ ಮೇಲೆ ಸರಿಯಾಗಿಯೇ ಬೀಳುತ್ತಿತ್ತು. ಆದರೂ ಕೆಟ್ಟಿತು. ಅಂದರೆ ಬರೀ ನೆರಳಿನ ಪ್ರಶ್ನೆಯಲ್ಲ, ಅಲ್ವಾ?

ಗೊಂಬೆಕೈ

ಆ ಹಕ್ಕಿ ಕೆಟ್ಟಿದ್ದು ಅದರ ಮುಖದಿಂದ. ಕಥೆ ಹೆದರಿಸುತ್ತದೆ, ಮುಖ ನಗಿಸುತ್ತದೆ. ಎರಡನ್ನೂ ಒಬ್ಬರೇ ಕೂತು ಯೋಚಿಸಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆ, 1955ರ ಇಟ್ ಕೇಮ್ ಫ್ರಮ್ ಬಿನೀತ್ ದ ಸೀ. ರೇ ಹ್ಯಾರಿಹೌಸೆನ್ ಮಾಡಿದ ದೈತ್ಯ ಆಕ್ಟೋಪಸ್. ದುಡ್ಡು ಸಾಲದೆ ಅದಕ್ಕೆ ಎಂಟರ ಬದಲು ಆರೇ ತೋಳು ಕೊಟ್ಟರು. ಒಂದೊಂದು ತೋಳನ್ನೂ ಫ್ರೇಮಿಗೊಂದು ಸಲ ಅಲುಗಿಸಬೇಕಲ್ಲ, ಎರಡು ಕಡಿಮೆಯಾದರೆ ಎಷ್ಟೋ ದಿನ ಉಳಿಯುತ್ತದೆ. ಸಿನಿಮಾ ನೋಡುವಾಗ ನಾನು ಎಣಿಸಲಿಲ್ಲ. ಉಳಿದವು ನೀರಿನೊಳಗೆ ಇವೆ ಅಂತ ಮನಸ್ಸು ತಾನೇ ತುಂಬಿಕೊಂಡಿತು. ಎಲ್ಲಿ ಕಡಿಮೆ ಮಾಡಿದರೆ ನೋಡುವವರಿಗೆ ನಷ್ಟವಿಲ್ಲ ಅಂತ ಅವರಿಗೆ ಗೊತ್ತಿತ್ತು.

ಎಲ್ಲಿ ಕಡಿಮೆ ಮಾಡಬಾರದು ಅಂತಲೂ ಗೊತ್ತಿತ್ತು. 1963ರ ಜೇಸನ್ ಅಂಡ್ ದ ಆರ್ಗನಾಟ್ಸ್‌ನಲ್ಲಿ ಏಳು ಅಸ್ಥಿಪಂಜರಗಳು ಮೂವರು ಮನುಷ್ಯರ ಜೊತೆ ಕತ್ತಿ ಹಿಡಿದು ಹೋರಾಡುತ್ತವೆ. ಪರದೆ ಮೇಲೆ ಕೆಲವೇ ನಿಮಿಷ. ಹ್ಯಾರಿಹೌಸೆನ್ ಒಬ್ಬರೇ ಕೂತು ಮಾಡಲು ನಾಲ್ಕು ತಿಂಗಳಿಗೂ ಜಾಸ್ತಿ ಹಿಡಿಯಿತು. ದಿನಕ್ಕೆ ಸರಾಸರಿ 13 ಫ್ರೇಮ್, ಅಂದರೆ ಅರ್ಧ ಸೆಕೆಂಡು. ಕತ್ತಿಗೆ ಕತ್ತಿ ತಾಗುವ ಕಡೆ ನಿಧಾನ ಮಾಡಿ ನೋಡಿ, ತಾಗಬೇಕಾದ ಜಾಗದಲ್ಲೇ ತಾಗುತ್ತದೆ.

ಮಿನಿಯೇಚರ್, ಅಂದರೆ ಚಿಕ್ಕ ಮಾದರಿ, ಮಾಡುವವರಿಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ, ಇದು ತಿಳಿಯದೆ ಎಷ್ಟೋ ಜನರ ಶ್ರಮ ಹಾಳಾಗುವುದನ್ನು ನೋಡಿದ್ದೇನೆ. ಚಿಕ್ಕ ಕಟ್ಟಡ ಬೀಳಿಸಿದರೆ ಅದು ಬೇಗ ಬೀಳುತ್ತದೆ, ಆಟಿಕೆ ಅಂತ ತಕ್ಷಣ ಗೊತ್ತಾಗುತ್ತದೆ. ಅದನ್ನು ವೇಗವಾಗಿ ಚಿತ್ರಿಸಿ ನಿಧಾನವಾಗಿ ತೋರಿಸಬೇಕು. ಎಷ್ಟು ವೇಗ? ಅಳತೆಯ ವರ್ಗಮೂಲದಷ್ಟು. ನಿಮ್ಮ ಮಾದರಿ ನಿಜದ 25ರಲ್ಲಿ ಒಂದು ಪಾಲು ಇದ್ದರೆ ವರ್ಗಮೂಲ 5. ಮಾಮೂಲಿ 24 ಫ್ರೇಮಿನ ಜಾಗದಲ್ಲಿ ಸೆಕೆಂಡಿಗೆ 120 ಫ್ರೇಮ್ ತೆಗೆಯಿರಿ. 1954ರ ಗಾಡ್ಜಿಲ್ಲಾದಲ್ಲಿ ರಬ್ಬರ್ ವೇಷದೊಳಗೆ ಇದ್ದವರು ಹಾರುವೊ ನಕಾಜಿಮಾ, ಆ ವೇಷವೇ ಸುಮಾರು 100 ಕೆಜಿ. ಅದಕ್ಕೂ ಕ್ಯಾಮೆರಾ ವೇಗ ಹೆಚ್ಚಿಸಿದ್ದರು. ಅದಕ್ಕೇ ಆ ಹೆಜ್ಜೆ ಭಾರವಾಗಿ ಕಾಣುತ್ತದೆ.

ನೀರು, ಬೆಂಕಿ ಮಾತ್ರ ಈ ಲೆಕ್ಕಕ್ಕೂ ಪೂರ್ತಿ ಬಗ್ಗುವುದಿಲ್ಲ. ತೊಟ್ಟಿಯಲ್ಲಿ ಅಲೆ ಎಬ್ಬಿಸಿದರೂ ನೀರಿನ ಹನಿ ಹನಿಯಷ್ಟೇ ದಪ್ಪ ಇರುತ್ತದೆ. ಹಡಗಿನ ಪಕ್ಕ ಮನುಷ್ಯನ ತಲೆಯಷ್ಟು ದೊಡ್ಡ ಹನಿ ಸಿಡಿದರೆ ಗುಟ್ಟು ರಟ್ಟು. ನೀರು ಬೇಕೇ ಬೇಕು ಅಂದರೆ ಮಾದರಿಯನ್ನು ಆದಷ್ಟು ದೊಡ್ಡದಾಗಿ ಕಟ್ಟಿ.

ನೀಲಿಪರದೆ

ನಾನು ಈಗಷ್ಟೇ ಕಲಿಯುತ್ತಿದ್ದೇನೆ. ಇದನ್ನೆಲ್ಲ ಓದಿ ನನ್ನ ತಪ್ಪು ಏನು ಅಂತ ಅರ್ಥವಾಗುತ್ತಿದೆ.

ನಾವು ನಾಲ್ಕು ಜನ ಸೇರಿ ಹನ್ನೊಂದು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಮರದ ಮೆಟ್ಟಿಲ ಮೇಲೆ ಕಲ್ಲಿನ ಮೈಯ ಪ್ರಾಣಿಯೊಂದು ಇಳಿದು ಬರಬೇಕು, ಅದರ ಎದುರು ಒಬ್ಬ ಹುಡುಗಿ. ಪ್ರಾಣಿಯನ್ನು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ನಾನೇ ಮಾಡಿದೆ, ಮೂರು ತಿಂಗಳು ಹಿಡಿಯಿತು. ಮೈಮೇಲಿನ ಪಾಚಿಯನ್ನೂ ಬಿಡದೆ ಮಾಡಿದ್ದೇನೆ. ಹುಡುಗಿಯನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ತೆಗೆದೆವು, ಆಮೇಲೆ ಕಂಪ್ಯೂಟರಿನಲ್ಲಿ ಹಸಿರು ತೆಗೆದು ಹಿನ್ನೆಲೆ ಕೂರಿಸೋಣ ಅಂತ. ಜಾಗ ಸಾಲದೆ ಬಟ್ಟೆಗೆ ಅವಳ ಬೆನ್ನು ತಾಗುವಷ್ಟು ಹತ್ತಿರ ನಿಲ್ಲಿಸಿದ್ದೆವು. ಈಗ ಅವಳ ಕಿವಿಯ ಅಂಚು ಹಸಿರು, ಕೂದಲಿನ ತುದಿಯೆಲ್ಲ ಹಸಿರು. ಹಸಿರು ತೆಗೆದರೆ ಕೂದಲೇ ಹೋಗುತ್ತದೆ. ಪ್ರಾಣಿಯ ಪಾದ ಮೆಟ್ಟಿಲ ಮೇಲೆ ಜಾರುತ್ತದೆ, ಮಂಜಿನ ಮೇಲೆ ನಡೆದ ಹಾಗೆ. ಎರಡು ವಾರದಿಂದ ಆ ಫೈಲು ತೆರೆಯಲಿಕ್ಕೇ ಮನಸ್ಸಾಗುತ್ತಿಲ್ಲ. ಏನಾದರೂ ಉಳಿಸಬಹುದಾ?

ಕೊನೆಫ್ರೇಮ್

ಉಳಿಸಬಹುದು. ಹಸಿರು ಬಟ್ಟೆಯ ಶಾಟ್ ಬಿಟ್ಟುಬಿಡಿ. ನಿಜವಾದ ಮೆಟ್ಟಿಲು ನಿಮ್ಮ ಹತ್ತಿರ ಇದೆ, ಹುಡುಗಿಯೂ ಇದ್ದಾಳೆ. ಅವಳನ್ನು ಅಲ್ಲೇ ನಿಲ್ಲಿಸಿ ತೆಗೆಯಿರಿ. ಪ್ರಾಣಿ ಅವಳ ಹಿಂದೆ ಹಾದು ಹೋಗದಿದ್ದರೆ ಹಸಿರು ಬಟ್ಟೆಯೇ ಬೇಡ. ಎಷ್ಟೋ ಜನ ಅಭ್ಯಾಸಬಲದಿಂದ ಹಸಿರು ಬಟ್ಟೆ ಕಟ್ಟುತ್ತಾರೆ, ಆಮೇಲೆ ಅದನ್ನು ತೆಗೆಯಲು ಒದ್ದಾಡುತ್ತಾರೆ. ಮುಂದೆ ಬೇಕಾದಾಗ ನಟರನ್ನು ಬಟ್ಟೆಯಿಂದ ಏಳೆಂಟು ಅಡಿಯಾದರೂ ಮುಂದೆ ನಿಲ್ಲಿಸಿ. ಬಟ್ಟೆಗೆ ಬೇರೆ ದೀಪ, ನಟರಿಗೆ ಬೇರೆ ದೀಪ.

ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಭದ್ರ ಇರಲಿ. ಲೆನ್ಸ್ ಎಷ್ಟು, ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ, ಎಷ್ಟು ದೂರ ಅಂತ ಬರೆದಿಟ್ಟುಕೊಳ್ಳಿ. ಬ್ಲೆಂಡರ್‌ನಲ್ಲಿ ಅದೇ ಅಳತೆ ಹಾಕಿ. ಶಾಟ್ ಮುಗಿದ ಮೇಲೆ ಎಲ್ಲರನ್ನೂ ಆಚೆ ಕಳಿಸಿ ಖಾಲಿ ಮೆಟ್ಟಿಲನ್ನು ಒಂದು ನಿಮಿಷ ತೆಗೆಯಿರಿ. ಪ್ರಾಣಿ ನಿಲ್ಲುವ ಜಾಗದಲ್ಲಿ ಒಂದು ಬೂದು ಬಣ್ಣದ ಚೆಂಡು ಇಟ್ಟು ಅದನ್ನೂ ತೆಗೆಯಿರಿ. ಬೆಳಕು ಯಾವ ಕಡೆಯಿಂದ ಬರುತ್ತದೆ, ನೆರಳು ಎಷ್ಟು ಗಾಢ, ಎಲ್ಲ ಆ ಚೆಂಡಿನ ಮೇಲೆ ಬರೆದಿರುತ್ತದೆ. ಇದಕ್ಕೆ ಐದು ನಿಮಿಷ ಸಾಕು. ಈ ಐದು ನಿಮಿಷ ಉಳಿಸಲು ಹೋಗಿ ಆಮೇಲೆ ಐದು ವಾರ ಕಳೆದವರ ಜೊತೆ ನಾನು ಕೆಲಸ ಮಾಡಿದ್ದೇನೆ.

ಪಾದ ಜಾರುವುದಕ್ಕೆ ಕಾರಣ ಮೈ ಮುಂದೆ ಹೋಗುವ ವೇಗಕ್ಕೂ ಹೆಜ್ಜೆಗೂ ತಾಳೆಯಿಲ್ಲ. ಪಾದ ಊರಿದ ಫ್ರೇಮಿಂದ ಎತ್ತುವ ಫ್ರೇಮಿನವರೆಗೆ ಅದನ್ನು ಮೆಟ್ಟಿಲಿಗೆ ಕಟ್ಟಿಹಾಕಿ, ಮೈಯನ್ನು ಅದರ ಮೇಲೆ ಸರಿಸಿ. ಭಾರದ ಪ್ರಾಣಿ ಹೆಜ್ಜೆ ಊರಿದ ಮೇಲೆ ಸ್ವಲ್ಪ ಕುಸಿಯುತ್ತದೆ, ಆಮೇಲೆ ಏಳುತ್ತದೆ. ಆ ಕುಸಿತ ಹಾಕಿ.

ಪಾಚಿ ಚೆನ್ನಾಗಿದೆ ಅಂತ ನಂಬುತ್ತೇನೆ. ಆದರೆ ಪಾಚಿಗೆ ಕೊಟ್ಟ ಮೂರು ತಿಂಗಳಲ್ಲಿ ಒಂದು ವಾರವನ್ನು ಪಾದಕ್ಕೆ ಕೊಡಿ.

ಕಥೆಮೊದಲು

ಇಷ್ಟೆಲ್ಲ ಓದಿದ ಮೇಲೂ ನನಗೆ ಅನ್ನಿಸುವುದು, ಈ ಕೆಲಸ ಶುರುವಾಗಬೇಕಾದ್ದು ಬರವಣಿಗೆಯಲ್ಲಿ. ಕೈಯಲ್ಲಿ ಏನಿದೆ ಅಂತ ನೋಡಿ ಕಥೆ ಬರೆಯಬೇಕು. ದೊಡ್ಡವರ ಹತ್ತಿರ ಇರುವುದನ್ನು ನೋಡಿ ಬರೆದರೆ ಸೋಲು ಬರೆಯುವಾಗಲೇ ಗೊತ್ತಾಗಿರುತ್ತದೆ.

2004ರ ಪ್ರೈಮರ್‌ಗೆ ಖರ್ಚಾದದ್ದು ಸುಮಾರು 7,000 ಡಾಲರ್. ಕಾಲಯಾನದ ಸಿನಿಮಾ. ಅದರ ಯಂತ್ರ ಒಂದು ಪೆಟ್ಟಿಗೆ, ಇಟ್ಟಿರುವುದು ಬಾಡಿಗೆ ಗೋದಾಮಿನ ಕೋಣೆಯಲ್ಲಿ. ಬೆಳಕಿನ ಸುರುಳಿಯಿಲ್ಲ, ಮಿಂಚಿಲ್ಲ. ಒಳಗೆ ಹೋದವನು ಆರು ಗಂಟೆ ಮಲಗಬೇಕು, ಅಷ್ಟೇ. ಆ ಬೇಸರವೇ ಅದನ್ನು ನಂಬಿಸುತ್ತದೆ. 2013ರ ಕೊಹಿರೆನ್ಸ್‌ನಲ್ಲಿ ಬೇರೆ ಬೇರೆ ಲೋಕಗಳನ್ನು ಗುರುತಿಸುವುದು ಕೈಯಲ್ಲಿ ಹಿಡಿದ ಬಣ್ಣದ ಬೆಳಕಿನ ಕಡ್ಡಿಗಳಿಂದ. ನೀಲಿ ಕಡ್ಡಿ ಹಿಡಿದವರಿಗೆ ಕತ್ತಲಲ್ಲಿ ಕೆಂಪು ಕಡ್ಡಿ ಕಂಡಾಗ ನನ್ನ ಮೈ ಜುಮ್ ಅಂದಿತ್ತು.

2010ರ ಮಾನ್‌ಸ್ಟರ್ಸ್‌ನ ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್ ಕ್ಯಾಮೆರಾವನ್ನೂ ಹಿಡಿದರು, ಸುಮಾರು 250 ಎಫೆಕ್ಟ್ಸ್ ಶಾಟ್‌ಗಳನ್ನೂ ತಾವೇ ಮಾಡಿದರು. ಅದರಲ್ಲಿ ಬಹುಪಾಲು ಪ್ರಾಣಿಗಳೇ ಅಲ್ಲ. ರಸ್ತೆ ಬದಿಯ ಫಲಕ ಬದಲಾಯಿಸುವುದು, ದೂರದಲ್ಲಿ ಮುರಿದ ಕಟ್ಟಡ ಕೂರಿಸುವುದು, ಇಂಥವು. ಪ್ರಾಣಿ ಇದೆ ಅಂತ ಊರಿಗೆ ಊರೇ ಹೇಳುತ್ತಿರುತ್ತದೆ, ಪ್ರಾಣಿ ಬರುವುದು ಅಪರೂಪಕ್ಕೆ. ದುಡ್ಡಿದ್ದವರೂ ಇದನ್ನೇ ಮಾಡಿದ್ದಾರೆ. 1993ರ ಜುರಾಸಿಕ್ ಪಾರ್ಕ್ ಎರಡು ಗಂಟೆಗೂ ಜಾಸ್ತಿ ಇದೆ, ಡೈನೋಸಾರ್‌ಗಳು ಕಾಣುವುದು 15 ನಿಮಿಷದಷ್ಟು. ಅದರಲ್ಲಿ ಕಂಪ್ಯೂಟರಿನವು 6 ನಿಮಿಷದ ಆಸುಪಾಸು.

ನನಗೆ ಬಹಳ ಇಷ್ಟವಾದ ಉಪಾಯ 1981ರ ಎಸ್ಕೇಪ್ ಫ್ರಮ್ ನ್ಯೂಯಾರ್ಕ್‌ನದು. ವಿಮಾನದ ಪರದೆ ಮೇಲೆ ಹಸಿರು ಗೆರೆಗಳಲ್ಲಿ ಊರಿನ ಕಂಪ್ಯೂಟರ್ ನಕ್ಷೆ ಕಾಣಬೇಕಿತ್ತು. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಕೈಗೆ ಎಟುಕದಷ್ಟು ದುಬಾರಿ. ಅವರು ಕಟ್ಟಡಗಳ ಚಿಕ್ಕ ಮಾದರಿಗಳಿಗೆ ಕಪ್ಪು ಬಣ್ಣ ಬಳಿದು, ಅಂಚಿಗೆಲ್ಲ ಹೊಳೆಯುವ ಟೇಪು ಅಂಟಿಸಿ, ಮಧ್ಯೆ ಕ್ಯಾಮೆರಾ ಓಡಿಸಿದರು. ಕಂಪ್ಯೂಟರನ್ನು ಕೈಯಲ್ಲಿ ಕಟ್ಟಿದ ಹಾಗಾಯಿತು.

ಹಳೇರೀಲು

ಈ ಬಚ್ಚಿಡುವ ಸಲಹೆ ಎಲ್ಲರೂ ಕೊಡುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ.

ಫ್ಯಾಂಟಸಿ ನೋಡಲು ಬಂದವನು ರಾಕ್ಷಸನನ್ನು ನೋಡಲು ಬಂದಿರುತ್ತಾನೆ. ಚಿಕ್ಕವನಿದ್ದಾಗ ನಾನೂ ಹಾಗೇ ಕೂತಿದ್ದೆ. ಕೊನೆಯವರೆಗೂ ನೆರಳು, ಸದ್ದು, ಅಲ್ಲಾಡುವ ಗಿಡ, ಆಮೇಲೆ ಸಿನಿಮಾ ಮುಗಿಯಿತು. ಆ ದಿನದ ನಿರಾಸೆ ಇನ್ನೂ ನೆನಪಿದೆ. 1902ರಲ್ಲಿ ಜಾರ್ಜ್ ಮೆಲಿಯೆಸ್ ಚಂದ್ರನಿಗೆ ಹೋಗುವ ಸಿನಿಮಾ ಮಾಡಿದಾಗ ಏನನ್ನೂ ಬಚ್ಚಿಡಲಿಲ್ಲ. ಬಣ್ಣ ಬಳಿದ ಪರದೆ, ಹೊಡೆದರೆ ಹೊಗೆಯಾಗಿ ಮಾಯವಾಗುವ ಚಂದ್ರವಾಸಿಗಳು. ಕ್ಯಾಮೆರಾ ನಿಲ್ಲಿಸಿ, ನಟನನ್ನು ಆಚೆ ಕಳಿಸಿ, ಮತ್ತೆ ಶುರು ಮಾಡುವುದು, ಇಷ್ಟೇ ಆ ಮಾಯ. ಬಚ್ಚಿಡುವುದನ್ನೇ ಜಾಣತನ ಅಂದುಕೊಂಡರೆ ಈ ಧೈರ್ಯ ಎಲ್ಲಿ ಉಳಿಯುತ್ತದೆ?

2023ರ ಗಾಡ್ಜಿಲ್ಲಾ ಮೈನಸ್ ಒನ್ ಹಗಲು ಬೆಳಕಿನಲ್ಲೇ ರಾಕ್ಷಸನನ್ನು ತೋರಿಸಿತು. 610 ಎಫೆಕ್ಟ್ಸ್ ಶಾಟ್, ಮಾಡಿದ್ದು 35 ಜನ. ದೊಡ್ಡ ಸ್ಟುಡಿಯೊಗಳ ಲೆಕ್ಕದಲ್ಲಿ ಅದು ಚಿಲ್ಲರೆ ಬಜೆಟ್. 2024ರಲ್ಲಿ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ನಿರ್ದೇಶಕ ತಕಾಶಿ ಯಮಜಾಕಿ ತಾವೇ ಎಫೆಕ್ಟ್ಸ್ ಮೇಲ್ವಿಚಾರಕರೂ ಆಗಿದ್ದರು.

ಕಥೆಮೊದಲು

ಇದು ಒಪ್ಪತಕ್ಕ ಮಾತು. ತೋರಿಸಬೇಡಿ ಅಂತಲ್ಲ, ಒಂದು ಸಲ ತೋರಿಸಿದರೂ ಪೂರ್ತಿ ತೋರಿಸಿ ಅಂತ ನಾನು ಹೇಳಬೇಕಿತ್ತು. ನಲವತ್ತು ಅರೆಬೆಂದ ಶಾಟ್‌ಗಳ ಬದಲು ನಾಲ್ಕು ಗಟ್ಟಿ ಶಾಟ್.

ಕೊನೆಫ್ರೇಮ್

ಯಮಜಾಕಿ ವಿಷಯ ಬಂದದ್ದು ಒಳ್ಳೆಯದಾಯಿತು. ಅಲ್ಲಿ ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ಏನು ಬೇಕು ಅಂತ ಗೊತ್ತಿದ್ದವರೇ ಪಕ್ಕದಲ್ಲಿ ಕೂತಿದ್ದರು. ಹತ್ತು ಸಲ ಬದಲಾಗಬೇಕಿಲ್ಲ.

ನಾನು ಒಂದು ಚಿಕ್ಕ ಫ್ಯಾಂಟಸಿ ಸಿನಿಮಾಗೆ ಕೆಲಸ ಮಾಡಿದ್ದೆ. ಹಾರುವ ಹಾವು ಇತ್ತು. ಚಿತ್ರೀಕರಣದ ದಿನ ಬೆಳಕಿನ ಅಳತೆ ತೆಗೆಯಲು ಬಿಡಲಿಲ್ಲ, ಪೋಸ್ಟ್‌ನಲ್ಲಿ (ಚಿತ್ರೀಕರಣ ಮುಗಿದ ಮೇಲಿನ ಕೆಲಸದಲ್ಲಿ) ನೋಡಿಕೊಳ್ಳೋಣ ಅಂದರು. ಎಡಿಟಿಂಗ್ ಮುಗಿಯಿತು ಅಂತ ಹೇಳಿದ ಮೇಲೂ ಮೂರು ಸಲ ಬದಲಾಯಿತು. ನಾವು ಮುಗಿಸಿದ ಶಾಟ್‌ಗಳು ಕಸಕ್ಕೆ ಹೋದವು, ಅವುಗಳ ಜಾಗಕ್ಕೆ ಬಂದ ಹೊಸ ಶಾಟ್‌ಗಳಿಗೆ ಒಂಬತ್ತು ದಿನ ಉಳಿದಿತ್ತು. ಹಾವಿನ ಬಣ್ಣ ಹಸಿರಾ ಚಿನ್ನದ್ದಾ ಅಂತ ಬಿಡುಗಡೆಗೆ ಆರು ದಿನ ಇದ್ದಾಗ ತೀರ್ಮಾನವಾಯಿತು. ಕೊನೆಯ ಎರಡು ರಾತ್ರಿ ನಾವು ಯಾರೂ ಮಲಗಲಿಲ್ಲ. ಸಿನಿಮಾ ಬಂದ ಮೇಲೆ ಆ ಹಾವಿನ ಐದು ಸೆಕೆಂಡಿನ ತುಣುಕು ಎಲ್ಲೆಡೆ ಓಡಾಡಿತು, ಜನ ನಕ್ಕರು. ಆ ಶಾಟ್‌ನಲ್ಲಿ ನೀರಿನ ಮೇಲೆ ಹಾವಿನ ಪ್ರತಿಬಿಂಬ ಇಲ್ಲ. ಹಾಕಬೇಕು ಅಂತ ನನಗೆ ಗೊತ್ತಿತ್ತು. ಅದಕ್ಕೆ ಬೇಕಾದದ್ದು ನಾಲ್ಕು ಗಂಟೆ. ಇರಲಿಲ್ಲ.

ಹಾಗಾಗಿ ಕೆಟ್ಟ ಎಫೆಕ್ಟ್ಸ್ ನೋಡಿದಾಗ ಇವರಿಗೆ ಕೆಲಸ ಬರುವುದಿಲ್ಲ ಅಂತ ದಯವಿಟ್ಟು ಬರೆಯಬೇಡಿ. ಬಹಳ ಸಲ ಅವರಿಗೆ ತಪ್ಪು ಎಲ್ಲಿದೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮೂರನೇಸಾಲು

ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್. ನಾನೂ ಅಂಥ ತುಣುಕು ಹಂಚಿಕೊಂಡವನೇ. ಇನ್ನು ಮಾಡುವುದಿಲ್ಲ.

ಒಂದು ವಿಷಯ ಸೇರಿಸುತ್ತೇನೆ. 1974ರ ಡಾರ್ಕ್ ಸ್ಟಾರ್‌ನಲ್ಲಿ ಅನ್ಯಗ್ರಹದ ಪ್ರಾಣಿ ಒಂದು ಬೀಚ್ ಬಾಲ್, ಕೆಳಗೆ ಎರಡು ಪಂಜ. ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಓಬ್ಯಾನನ್ ವಿದ್ಯಾರ್ಥಿಗಳಾಗಿದ್ದಾಗ ಶುರು ಮಾಡಿದ ಸಿನಿಮಾ ಅದು. ಆ ಚೆಂಡಿನ ಹಿಂದೆ ಅಂತರಿಕ್ಷ ಹಡಗಿನ ತುಂಬ ಓಡುವ ಪಾತ್ರ ಓಬ್ಯಾನನ್ ಅವರದೇ. ಅದೇ ಓಬ್ಯಾನನ್ ಆಮೇಲೆ ಏಲಿಯನ್ ಬರೆದರು. ಅದೂ ಹಡಗಿನೊಳಗೆ ಒಂದು ಪ್ರಾಣಿ, ಹುಡುಕುವ ಕೆಲವು ಜನ. ಬೀಚ್ ಬಾಲ್ ನೋಡಿ ಯಾರೂ ಹೆದರಲಿಲ್ಲ ಅನ್ನುವುದು ಅವರ ಮನಸ್ಸಿನಲ್ಲಿ ಉಳಿದಿತ್ತಂತೆ. ಕೆಟ್ಟ ಎಫೆಕ್ಟ್ ಮಾಡಿದವರಿಗೆ ಇನ್ನೊಂದು ಸಿನಿಮಾ ಮಾಡುವ ಅವಕಾಶ ಸಿಗಲಿ ಅಂತ ನನ್ನ ಆಸೆ.

ನೀಲಿಪರದೆ

ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೆಟ್ಟಿಲ ಹತ್ತಿರವೇ ಮತ್ತೆ ತೆಗೆದೆವು. ಹಸಿರು ಬಟ್ಟೆ ಇಲ್ಲ. ಬೂದು ಚೆಂಡು ಇಟ್ಟಾಗ ಒಂದು ವಿಷಯ ಗೊತ್ತಾಯಿತು, ನಾನು ಬೆಳಕನ್ನು ಎಡದಿಂದ ಹಾಕಿದ್ದೆ, ನಿಜವಾದ ಕಿಟಕಿ ಬಲಕ್ಕಿತ್ತು!

ಹನ್ನೆರಡು ಶಾಟ್ ಇದ್ದದ್ದು ಈಗ ಮೂರು. ಮೊದಲ ಎರಡರಲ್ಲಿ ಬರೀ ಪಾದ. ಪ್ರಾಣಿ ಹೆಜ್ಜೆ ಊರುವ ಕ್ಷಣಕ್ಕೆ ಸರಿಯಾಗಿ ಗೆಳೆಯ ಮೆಟ್ಟಿಲ ಕೆಳಗೆ ಕೂತು ಹಲಗೆಗೆ ಗುದ್ದಿದ. ಸಂದಿಯಲ್ಲಿ ತುಂಬಿಟ್ಟಿದ್ದ ಸೀಮೆಸುಣ್ಣದ ಪುಡಿ ಉದುರಿತು. ಆ ಪುಡಿ ನಿಜದ್ದು, ಹಲಗೆ ಅದುರಿದ್ದು ನಿಜದ್ದು. ಪ್ರಾಣಿಯ ಪಾದವನ್ನು ಆ ಫ್ರೇಮಿಗೆ ಹೊಂದಿಸಿದೆ, ಕೆಳಗೆ ಕಪ್ಪು ಗೆರೆ ಹಾಕಿದೆ. ಮೂರನೆಯದರಲ್ಲಿ ಪೂರ್ತಿ ಪ್ರಾಣಿ, ಕಿಟಕಿಯ ಬೆಳಕಿನಲ್ಲಿ, ಏಳು ಸೆಕೆಂಡು. ಪಾಚಿಯೂ ಕಾಣುತ್ತದೆ.

ನಿನ್ನೆ ಆ ಹುಡುಗಿಯ ಅಮ್ಮನಿಗೆ ತೋರಿಸಿದೆವು. ಅವರು ಪ್ರಾಣಿಯ ಬಗ್ಗೆ ಏನೂ ಕೇಳಲಿಲ್ಲ. ಮೆಟ್ಟಿಲು ಮುರಿದಿಲ್ಲ ತಾನೇ ಅಂತ ಕೇಳಿದರು.